ಮಳೆಗಾಲಕ್ಕೆ ಮುಂಚೆ ಒಂದು ಡಿಸ್ಕ್ ಇಮೇಜ್

ಸಿದ್ದಾಪುರದ ಸುತ್ತಿನ ಕಾಫಿ ಬೆಳೆಗಾರರ ಮನೆಯಲ್ಲಿ ಕಂಪ್ಯೂಟರ್ ಒಂದಿದ್ದರೆ ಅದು ಮನೆಗೂ ಅದೇ, ತೋಟಕ್ಕೂ ಅದೇ. ಅಪ್ಪ ವರ್ಷಗಟ್ಟಲೆ ಬರೆದಿಟ್ಟ ಮಳೆ ಪುಸ್ತಕವನ್ನು ಮಗನೋ ಸೊಸೆಯೋ ಕೂತು ಎಕ್ಸೆಲ್‌ಗೆ ಇಳಿಸಿರುತ್ತಾರೆ: ಹೂಮಳೆ ಯಾವ ವರ್ಷ ಯಾವ ತಾರೀಕಿಗೆ ಬಂತು, ಎಷ್ಟು ಇಂಚು, ಎಷ್ಟು ಸೆಂಟು. ಅದರ ಪಕ್ಕದ ಫೋಲ್ಡರಿನಲ್ಲಿ ಬಟವಾಡೆ ಪಟ್ಟಿ, ಕರಿಮೆಣಸು ಮಾರಿದ ಬಿಲ್ಲು, ಟ್ಯಾಲಿ ಲೆಕ್ಕ, ಆರ್‌ಟಿಸಿಯ ಸ್ಕ್ಯಾನ್ ಪ್ರತಿ, ಹೋಂಸ್ಟೇಗೆ ಬಂದವರ ವಿವರ, ಮಗಳ ಮದುವೆಯ ಸಾವಿರಾರು ಫೋಟೊ. ಪಾಲಿಬೆಟ್ಟದ ಕಡೆಯ ದೊಡ್ಡ ಕಂಪನಿ ತೋಟಗಳಲ್ಲಾದರೆ ಇವನ್ನೆಲ್ಲ ಕಾಯಲು ಕಂಪ್ಯೂಟರ್ ವಿಭಾಗದವರು ಇರುತ್ತಾರೆ. ಹತ್ತಿಪ್ಪತ್ತು ಎಕರೆಯವರಿಗೆ ಆ ವಿಭಾಗವೂ ತಾವೇ.

ಈ ಕಂಪ್ಯೂಟರ್ ಒಂದು ಬೆಳಿಗ್ಗೆ ಏಳದೇ ಹೋದರೆ ವಿರಾಜಪೇಟೆಗೋ ಕುಶಾಲನಗರಕ್ಕೋ ಹೊತ್ತುಕೊಂಡು ಹೋಗುತ್ತೇವೆ. ಅಂಗಡಿಯ ಹುಡುಗನ ಮೊದಲ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ: “ಅಣ್ಣಾ, ಡೇಟಾ ಬೇಕಾ? ಬೇಡ ಅಂದ್ರೆ ಈಗ್ಲೇ ಫಾರ್ಮ್ಯಾಟ್ ಹೊಡೆದು ಕೊಡ್ತೀನಿ.” ಬೇಕು ಅಂದರೆ ಖರ್ಚೂ ಹೆಚ್ಚು, ದಿನವೂ ಹೆಚ್ಚು, ಸಿಗುವ ಖಾತ್ರಿಯೂ ಇಲ್ಲ. ಹಳೆಯ ಹಾರ್ಡ್‌ಡಿಸ್ಕುಗಳು ಕೈಕೊಡುವ ಮುಂಚೆ ಟಿಕ್ ಟಿಕ್ ಅನ್ನುತ್ತಿದ್ದವು, ಫೈಲ್ ತೆರೆಯಲು ತಡಮಾಡುತ್ತಿದ್ದವು. ಎಸ್‌ಎಸ್‌ಡಿಗಳಿಗೆ ಆ ಸೌಜನ್ಯ ಕಡಿಮೆ. ರಾತ್ರಿ ಸರಿಯಾಗಿ ಆಫ್ ಆದದ್ದು ಬೆಳಿಗ್ಗೆ ಬಯಾಸ್‌ಗೇ ಕಾಣಿಸದಿರಬಹುದು.

ಇದಕ್ಕೆ ಇರುವ ಮದ್ದು ಡಿಸ್ಕ್ ಇಮೇಜ್. ಅದನ್ನು ತೆಗೆದುಕೊಡುವ ತಂತ್ರಾಂಶಗಳು ಹತ್ತಾರಿವೆ, ಅರ್ಧದಷ್ಟು ಉಚಿತವೂ ಹೌದು. ಆರಿಸುವಾಗ ಹೆಚ್ಚಿನವರು ನೋಡುವುದು ಎಷ್ಟು ಬೇಗ ನಕಲು ತೆಗೆಯುತ್ತದೆ, ಪರದೆ ಎಷ್ಟು ಚೆಂದ, ದುಡ್ಡು ಎಷ್ಟು ಎಂಬುದನ್ನು. ನನ್ನನ್ನು ಕೇಳಿದರೆ ಇವೆಲ್ಲ ಎರಡನೆಯ ಸಾಲಿನ ಪ್ರಶ್ನೆಗಳು. ಒಳಗಿನ ಡಿಸ್ಕ್ ಸತ್ತಿದೆ, ಹೊರಗೆ ಜಡಿಮಳೆ, ನೆಟ್‌ವರ್ಕ್ ಇಲ್ಲ. ಅಂಥ ದಿನ ಈ ತಂತ್ರಾಂಶ ನನ್ನ ಕಂಪ್ಯೂಟರನ್ನು ವಾಪಸ್ ಎಬ್ಬಿಸುತ್ತದೆಯೇ? ಮೊದಲು ಕೇಳಬೇಕಾದ್ದು ಅದು. ತೆಗೆಯುವುದನ್ನು ಎಲ್ಲ ತಂತ್ರಾಂಶಗಳೂ ಚೆನ್ನಾಗಿಯೇ ಮಾಡುತ್ತವೆ. ಅವುಗಳ ಯೋಗ್ಯತೆ ತಿಳಿಯುವುದು ಮರಳಿಸುವಾಗ.

ಫೈಲ್ ನಕಲು ಬೇರೆ, ಇಮೇಜ್ ಬೇರೆ

ಬೇಕಾದ ಫೋಲ್ಡರುಗಳನ್ನು ಪೆನ್‌ಡ್ರೈವಿಗೆ ಹಾಕಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಫೋಟೊಗೆ, ಎಕ್ಸೆಲ್‌ಗೆ ಸಾಕು. ಆದರೆ ಕಂಪ್ಯೂಟರ್ ಅಂದರೆ ಬರೀ ಫೈಲುಗಳಲ್ಲ. ವಿಂಡೋಸ್, ಅದು ಶುರುವಾಗಲು ಬೇಕಾದ ಕಣ್ಣಿಗೆ ಕಾಣದ ಸಣ್ಣ ವಿಭಾಗಗಳು, ಪ್ರಿಂಟರಿನ ಡ್ರೈವರ್, ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ತಂತ್ರಾಂಶ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಇವೆಲ್ಲ ಸೇರಿ ಅದೊಂದು ಮನೆ ಮಾಡಿಕೊಂಡಿರುತ್ತದೆ. ಡಿಸ್ಕ್ ಇಮೇಜ್ ಎಂದರೆ ಆ ಇಡೀ ಡಿಸ್ಕಿನಲ್ಲಿ ಬಳಕೆಯಾದ ಜಾಗವನ್ನೆಲ್ಲ ಇದ್ದ ಹಾಗೆಯೇ ಒಂದು ದೊಡ್ಡ ಫೈಲಿಗೆ ತುಂಬಿಡುವುದು. ಹೊಸ ಡಿಸ್ಕ್ ಹಾಕಿ ಅದನ್ನು ಇಳಿಸಿದರೆ ಇಮೇಜ್ ತೆಗೆದ ದಿನ ಕಂಪ್ಯೂಟರ್ ಹೇಗಿತ್ತೋ ಹಾಗೆ ಎದ್ದು ಕೂರುತ್ತದೆ, ಡೆಸ್ಕ್‌ಟಾಪಿನ ಚಿತ್ರವೂ ಸೇರಿ. ಮದರ್‌ಬೋರ್ಡ್ ಅದೇ ಇದ್ದರೆ ವಿಂಡೋಸ್ ಮತ್ತೆ ಲೈಸೆನ್ಸ್ ಕೇಳುವುದೂ ಸಾಮಾನ್ಯವಾಗಿ ಇಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರಗಳು, ಲಗ್ನಪತ್ರಿಕೆಗಳು, ಸಂಘದ ನಡಾವಳಿಗಳು, ದೇವಸ್ಥಾನ ಸಮಿತಿಯ ಲೆಕ್ಕಗಳು ಎಷ್ಟೋ ಮನೆಗಳಲ್ಲಿವೆ. ಫೈಲನ್ನು ಮಾತ್ರ ಉಳಿಸಿಕೊಂಡು ಫಾಂಟ್ ಕಳೆದುಕೊಂಡರೆ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೆಯ ಪೇಜ್‌ಮೇಕರ್ ಇಟ್ಟುಕೊಂಡು ಡಿಟಿಪಿ ಮಾಡುವವರ ಕಥೆಯೂ ಹೀಗೆಯೇ. ಆ ತಂತ್ರಾಂಶದ ಸಿಡಿ ಈಗ ಎಲ್ಲಿದೆಯೋ, ಸಿಕ್ಕರೂ ಓದುವ ಡ್ರೈವ್ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ. ಅಂಥ ಯಂತ್ರದ ಇಮೇಜ್ ತೆಗೆದಿಟ್ಟರೆ ಫಾಂಟು, ತಂತ್ರಾಂಶ, ಫೈಲು ಮೂರೂ ಒಟ್ಟಿಗೇ ಉಳಿಯುತ್ತವೆ.

ಹಾಗೆಂದು ಇಮೇಜ್ ಇದ್ದ ಮೇಲೆ ಫೈಲ್ ನಕಲು ಬೇಡ ಎಂದಲ್ಲ. ಮೂರು ತಿಂಗಳ ಹಿಂದಿನ ಇಮೇಜ್ ಮೂರು ತಿಂಗಳ ಹಿಂದಿನ ಲೆಕ್ಕವನ್ನೇ ಕೊಡುತ್ತದೆ. ಪ್ರತಿ ವಾರ ಬದಲಾಗುವ ಟ್ಯಾಲಿ ಫೋಲ್ಡರು, ಎಕ್ಸೆಲ್ ಹಾಳೆಗಳು ಪೆನ್‌ಡ್ರೈವಿಗೋ ಗೂಗಲ್ ಡ್ರೈವಿಗೋ ಹೋಗುತ್ತಿರಲಿ. ಅವು ಸಣ್ಣವು, ಮೊಬೈಲ್ ಡೇಟಾದಲ್ಲೂ ಹೋಗುತ್ತವೆ. ಇಮೇಜಿನ ಗಾತ್ರವೇ ಬೇರೆ. 120 ಜಿಬಿಯ ಒಂದು ಇಮೇಜ್ ಕ್ಲೌಡಿಗೆ ಏರಬೇಕಾದರೆ, ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಎಂದಿಟ್ಟುಕೊಂಡರೂ, ಎಡೆಬಿಡದೆ ಎರಡು ದಿನ ದಾಟುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಎರಡು ದಿನ ಎಡೆಬಿಡದೆ ಇರುವುದು ಮಳೆ ಒಂದೇ. ಆದ್ದರಿಂದ ಇಲ್ಲಿನವರಿಗೆ ಇಮೇಜ್ ಎಂದರೆ ಹೊರಗಿನ ಹಾರ್ಡ್‌ಡಿಸ್ಕ್ ಎಂದೇ ಲೆಕ್ಕ.

ಕರೆಂಟು, ತೇವ, ಸಿಡಿಲು, ಹೊಳೆ

ಬೆಂಗಳೂರಿನವರಿಗೆ ಬರೆದ ಬ್ಯಾಕಪ್ ಸಲಹೆಗಳನ್ನು ಇಲ್ಲಿಗೆ ಹಾಗೆಯೇ ತಂದರೆ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ಚೆಸ್ಕಾಂ ಲೈನ್‌ಮನ್‌ಗಳು ಮಳೆಯಲ್ಲೇ ಹತ್ತಿ ಸರಿಮಾಡುವವರೆಗೆ ಕರೆಂಟಿಲ್ಲ. ಇಮೇಜ್ ಅರ್ಧ ಬರೆದಿರುವಾಗ ಕರೆಂಟ್ ಹೋದರೆ ಆ ಇಮೇಜ್ ಕೆಲಸಕ್ಕೆ ಬಾರದು. ಇನ್ನೂ ಕೆಟ್ಟದ್ದೆಂದರೆ ಮರಳಿಸುವಾಗ ಅರ್ಧಕ್ಕೆ ಹೋಗುವುದು. ಆಗ ಒಳಗಿನ ಡಿಸ್ಕಿನಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡೇ ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಗೊತ್ತಿರಬೇಕು.

ಲೆಕ್ಕ ಹಾಕುವುದು ಸುಲಭ. ಯುಎಸ್‌ಬಿ 3 ಕಿಂಡಿಯಲ್ಲಿ ಸಾಮಾನ್ಯ ಪೋರ್ಟಬಲ್ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಬರೆಯುತ್ತದೆ. 120 ಜಿಬಿಗೆ ಇಪ್ಪತ್ತು ನಿಮಿಷ. ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ 30 ಎಂಬಿಯ ಆಸುಪಾಸು; ಒಂದು ಗಂಟೆ ದಾಟುತ್ತದೆ. ಎಷ್ಟೋ ಕಂಪ್ಯೂಟರುಗಳಲ್ಲಿ ನೀಲಿ ಬಣ್ಣದ ಕಿಂಡಿ ಯುಎಸ್‌ಬಿ 3. ಡೆಸ್ಕ್‌ಟಾಪಿನ ಮುಂಭಾಗದಲ್ಲಿ ಕೈಗೆ ಸಿಗುವ ಕಿಂಡಿ ಹಲವು ಸಲ ನಿಧಾನದ್ದಾಗಿರುತ್ತದೆ, ಹಿಂಭಾಗದ್ದು ನೋಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಗತಿ ಬೇರೆ. ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದ ಬರಬಹುದು, ಮೋಡೆಮಿನ ತಂತಿಯಿಂದಲೂ ಬರಬಹುದು. ಬ್ಯಾಕಪ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟರೆ ಎರಡೂ ಒಂದೇ ಹೊಡೆತಕ್ಕೆ ಹೋಗುತ್ತವೆ. ಫೈಲುಗಳನ್ನು ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಕೂಡ ಚುಚ್ಚಿಟ್ಟ ಡಿಸ್ಕನ್ನು ಬಿಡುವುದಿಲ್ಲ. ಕೆಲಸ ಮುಗಿದ ಕೂಡಲೇ ಕಳಚಿಡಿ.

ಕಳಚಿಟ್ಟ ಡಿಸ್ಕಿಗೆ ತೇವದ ಕಾಟ. ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ, ಬೆಲ್ಟಿಗೆ ಬೂಸಲು ಹಿಡಿಯುವ ಮನೆಯಲ್ಲಿ ಅದನ್ನು ಗೋಡೆ ಬೀರುವಿನಲ್ಲಿ ಬಟ್ಟೆ ಜೊತೆ ಇಡಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡುವುದು ಕ್ಯಾಮೆರಾ ಇಟ್ಟುಕೊಂಡವರಿಗೆ ಗೊತ್ತಿರುವ ಉಪಾಯ. ಇಲ್ಲಿಗೂ ಅದೇ ಸಾಕು.

ಇನ್ನು ಹೊಳೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ಗುಹ್ಯ, ಆಚೆ ದಡದ ನೆಲ್ಯಹುದಿಕೇರಿಯ ನದಿ ಪಕ್ಕದ ಮನೆಗಳಿಗೆ ನೀರು ನುಗ್ಗಿತು, ಎಷ್ಟೋ ಮನೆಗಳು ಕುಸಿದವು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಮಡಿಕೇರಿ ಕಡೆಯ ಗುಡ್ಡಗಳು ಜಾರಿ ಮನೆಗೆ ಮನೆಯೇ ಮಣ್ಣಾಗಿದ್ದವು. ಅಂಥ ರಾತ್ರಿ ಜನ ಮಕ್ಕಳನ್ನು, ವಯಸ್ಸಾದವರನ್ನು ಎತ್ತಿಕೊಂಡು ಹೊರಡುತ್ತಾರೆಯೇ ಹೊರತು ಹಾರ್ಡ್‌ಡಿಸ್ಕ್ ಹುಡುಕುವುದಿಲ್ಲ, ಹುಡುಕಲೂ ಬಾರದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಹೇಳುವುದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ. ಕೊಡಗಿನಲ್ಲಿ ಈ ‘ಬೇರೆ ಜಾಗ’ಕ್ಕೆ ಬರವಿಲ್ಲ. ಮಗ ಬೆಂಗಳೂರಿನಲ್ಲೋ ತಂಗಿ ಮೈಸೂರಿನಲ್ಲೋ ಇದ್ದೇ ಇರುತ್ತಾರೆ. ಎರಡು ಡಿಸ್ಕ್ ಇಟ್ಟುಕೊಂಡು, ಹಬ್ಬಕ್ಕೆ ಬಂದವರ ಕೈಯಲ್ಲಿ ಹೊಸದನ್ನು ಕಳಿಸಿ ಹಳೆಯದನ್ನು ವಾಪಸ್ ತರಿಸಿಕೊಂಡರೆ ಆಯಿತು. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ತಂತ್ರಾಂಶದಲ್ಲಿ ಇರಬೇಕು ಎನ್ನುವುದು ಈ ಕಾರಣಕ್ಕೆ. ಬಸ್ಸಿನಲ್ಲಿ ಮರೆತು ಬಿಟ್ಟರೆ ಬಟವಾಡೆ ಪಟ್ಟಿಯೂ ಬ್ಯಾಂಕಿನ ವಿವರವೂ ಯಾರದೋ ಕೈಗೆ ಸಿಗಬಾರದು.

ಯಾವ ತಂತ್ರಾಂಶ?

ವಿಂಡೋಸ್‌ನಲ್ಲೇ ಒಂದಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)’ ಎಂಬ ಹಳೆಯ ಹೆಸರಿನಲ್ಲಿ ಅದು ವಿಂಡೋಸ್ 11ರಲ್ಲೂ ಉಳಿದುಕೊಂಡಿದೆ. ಅಲ್ಲಿ ‘ಕ್ರಿಯೇಟ್ ಎ ಸಿಸ್ಟಂ ಇಮೇಜ್’ ಒತ್ತಿದರೆ ಕೆಲಸ ನಡೆಯುತ್ತದೆ. ಆದರೆ 2017ರಲ್ಲೇ ಮೈಕ್ರೋಸಾಫ್ಟ್ ಇದರ ಅಭಿವೃದ್ಧಿ ನಿಲ್ಲಿಸಿ, ಬೇರೆ ಕಂಪನಿಗಳ ತಂತ್ರಾಂಶ ಬಳಸಿ ಎಂದು ತಾನೇ ಹೇಳಿದೆ. ಮಾಡಿದವನೇ ಕೈಬಿಟ್ಟದ್ದನ್ನು ನಾವು ನೆಚ್ಚುವುದು ಬೇಡ. ವಿಂಡೋಸ್ 11ರಲ್ಲಿ ‘ವಿಂಡೋಸ್ ಬ್ಯಾಕಪ್’ ಎಂದು ಹೊಸದೊಂದು ಕಾಣಿಸುತ್ತದಲ್ಲ, ಅದು ಇಮೇಜ್ ತೆಗೆಯುವುದೇ ಇಲ್ಲ. ಕೆಲವು ಫೋಲ್ಡರು, ಸೆಟ್ಟಿಂಗುಗಳನ್ನು ಒನ್‌ಡ್ರೈವಿಗೆ ಕಳಿಸುತ್ತದೆ. ಅಲ್ಲಿ ಪುಕ್ಕಟೆ ಸಿಗುವ ಜಾಗ 5 ಜಿಬಿ. ಹೆಸರು ನೋಡಿ ಮೋಸಹೋಗುವುದು ಸುಲಭ.

ಉಚಿತ ತಂತ್ರಾಂಶಗಳ ಆಯುಷ್ಯದ ಬಗ್ಗೆ ಒಂದು ಮಾತು. 1990ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ ಸಿಮ್ಯಾಂಟೆಕ್ ಕೈಸೇರಿದ ಘೋಸ್ಟ್ ಒಂದು ಕಾಲದಲ್ಲಿ ಈ ಕೆಲಸಕ್ಕೇ ಇನ್ನೊಂದು ಹೆಸರಾಗಿತ್ತು. 2013ರ ಏಪ್ರಿಲ್‌ನಲ್ಲಿ ನಾರ್ಟನ್ ಘೋಸ್ಟ್ ಮಾರಾಟ ನಿಂತಿತು. ಆಮೇಲೆ ಮನೆಬಳಕೆಯವರು ಕಣ್ಣುಮುಚ್ಚಿ ನಂಬಿದ್ದು ಬ್ರಿಟನ್ನಿನ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು. 2022ರ ನವೆಂಬರ್‌ನಲ್ಲಿ ಅದನ್ನೂ ನಿಲ್ಲಿಸುವುದಾಗಿ ಕಂಪನಿ ಹೇಳಿತು. ಭದ್ರತಾ ತಿದ್ದುಪಡಿಗಳೂ 2024ರ ಜನವರಿ 1ಕ್ಕೆ ಮುಗಿದವು. ಹಳೆಯ ಆವೃತ್ತಿ ಎಷ್ಟೋ ಕಂಪ್ಯೂಟರುಗಳಲ್ಲಿ ಈಗಲೂ ಓಡುತ್ತಿದೆ, ಓಡಲಿ. ಹೊಸದಾಗಿ ಹಾಕಿಕೊಳ್ಳುವವರಿಗೆ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟು ಪಡೆಯುವ ಈಗಿನ ಮ್ಯಾಕ್ರಿಯಂ ರಿಫ್ಲೆಕ್ಟ್ ಎಕ್ಸ್ ಒಳ್ಳೆಯ ತಂತ್ರಾಂಶ. ಅದಕ್ಕೆ ವರ್ಷ ವರ್ಷ ಚಂದಾ ಕಟ್ಟಬೇಕು. ಆಕ್ರೋನಿಸ್ ಟ್ರೂ ಇಮೇಜ್ ಕೂಡ ಹಾಗೆಯೇ. 2021ರಲ್ಲಿ ಹೆಸರು ಬದಲಿಸಿ, ಆಮೇಲೆ ಮತ್ತೆ ಹಳೆಯ ಹೆಸರಿಗೇ ಬಂತು. ಅದರ ಜೊತೆ ಆಂಟಿವೈರಸ್, ಕ್ಲೌಡ್ ಎಂದು ಏನೇನೋ ಬರುತ್ತವೆ. ಇಮೇಜ್ ಒಂದೇ ಬೇಕಾದವರಿಗೆ ಭಾರ ಹೆಚ್ಚು.

ಮನೆಗೆ ನನ್ನ ಮೊದಲ ಆಯ್ಕೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ. ವೀಮ್ ದೊಡ್ಡ ಸಂಸ್ಥೆಗಳ ಸರ್ವರುಗಳಿಗೆ ಬ್ಯಾಕಪ್ ವ್ಯವಸ್ಥೆ ಮಾರಿ ಬದುಕುವ ಕಂಪನಿ. ಮನೆಯವರಿಗೆ ಕೊಡುವ ಉಚಿತ ತಂತ್ರಾಂಶ ಅದರ ವ್ಯಾಪಾರದ ಬಾಲವೇ ಹೊರತು ತಲೆಯಲ್ಲ; ಹಾಗಾಗಿ ಪರದೆ ತುಂಬ ‘ಪ್ರೋ ಆವೃತ್ತಿಗೆ ಬನ್ನಿ’ ಎಂಬ ಕಾಟ ಇಲ್ಲ. ಇಡೀ ಕಂಪ್ಯೂಟರಿನ ಇಮೇಜ್ ತೆಗೆಯುತ್ತದೆ, ಮುಂದಿನ ಸಲ ಬದಲಾದಷ್ಟನ್ನು ಮಾತ್ರ ಸೇರಿಸುತ್ತದೆ, ಇಮೇಜಿನೊಳಗಿಂದ ಒಂದೇ ಒಂದು ಫೈಲನ್ನು ಹೆಕ್ಕಿ ಕೊಡುತ್ತದೆ. ನಮಗೆ ಬಹಳ ಉಪಯೋಗದ ಸೌಲಭ್ಯ ಇನ್ನೊಂದಿದೆ: ಬ್ಯಾಕಪ್ ಮುಗಿದ ಮೇಲೆ ಹೊರಗಿನ ಡಿಸ್ಕನ್ನು ತಾನೇ ಎಜೆಕ್ಟ್ ಮಾಡುವಂತೆ ಹೇಳಿಡಬಹುದು. ತಂತಿ ಕೀಳಲು ಮರೆತರೂ ರಾನ್ಸಮ್‌ವೇರ್‌ಗೆ ಡಿಸ್ಕ್ ಸಿಗುವುದು ಕಷ್ಟ. ಸಿಡಿಲಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ, ತಂತಿ ಕೀಳಲೇಬೇಕು. ಉಚಿತ ಆವೃತ್ತಿಯಲ್ಲಿ ಒಂದೇ ಬ್ಯಾಕಪ್ ಕೆಲಸವನ್ನು ಹೊಂದಿಸಿಡಲು ಸಾಧ್ಯ. ಮನೆಗೆ ಒಂದು ಸಾಕು. ಮೊದಲ ಸಲ ಪರದೆಯಲ್ಲಿ ಬರುವ ಪದಗಳು ಕಚೇರಿಯವರ ಭಾಷೆಯವು, ಸ್ವಲ್ಪ ಗಾಬರಿಯಾಗಬಹುದು.

ಕ್ಲೋನ್‌ಜಿಲ್ಲಾ ಇನ್ನೊಂದು ಜಾತಿಯದು. ತೈವಾನಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ರೂಪಿಸಿದ ಮುಕ್ತ ತಂತ್ರಾಂಶ. ವಿಂಡೋಸ್‌ನೊಳಗೆ ಇದನ್ನು ಹಾಕಿಕೊಳ್ಳುವಂತಿಲ್ಲ. ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಶುರು ಮಾಡಬೇಕು. ಕಪ್ಪು ಪರದೆ, ಬಿಳಿ ಅಕ್ಷರ, ಪ್ರತಿ ಹೆಜ್ಜೆಗೂ ಪ್ರಶ್ನೆ. ಒಂದು ಕಡೆ ತಪ್ಪು ಡಿಸ್ಕ್ ಆರಿಸಿದರೆ ಒಳ್ಳೆಯದರ ಮೇಲೆ ಖಾಲಿಯದನ್ನು ಬರೆದುಬಿಡುವ ಅಪಾಯ ಇದೆ. ಅದನ್ನೇ ಮೌಸ್ ಹಿಡಿದು ಮಾಡಲು ಬೇಕೆಂದರೆ ರೆಸ್ಕ್ಯೂಜಿಲ್ಲಾ ಇದೆ, ಕ್ಲೋನ್‌ಜಿಲ್ಲಾ ತೆಗೆದ ಇಮೇಜನ್ನೂ ಓದುತ್ತದೆ. ಇವೆರಡರ ದೊಡ್ಡ ಗುಣವೆಂದರೆ ತೆಗೆಯುವ ಸಾಧನವೂ ಮರಳಿಸುವ ಸಾಧನವೂ ಒಂದೇ. ಇಮೇಜ್ ತೆಗೆದಿದ್ದೀರಿ ಎಂದರೆ ಪೆನ್‌ಡ್ರೈವ್ ನಿಮ್ಮ ಯಂತ್ರದಲ್ಲಿ ಶುರುವಾಗುತ್ತದೆ, ಡಿಸ್ಕನ್ನು ಕಾಣುತ್ತದೆ ಎಂಬುದು ಆಗಲೇ ಸಾಬೀತಾದಂತೆ. ಕೊರತೆ ಎರಡು: ಬದಲಾದಷ್ಟನ್ನು ಮಾತ್ರ ಸೇರಿಸುವ ಸೌಲಭ್ಯ ಇಲ್ಲ, ಪ್ರತಿ ಸಲ ಇಡಿಯಾಗಿಯೇ ತೆಗೆಯಬೇಕು, ಹೊಸ ಡಿಸ್ಕ್ ಹಳೆಯದಕ್ಕಿಂತ ಸಣ್ಣದಾದರೆ ಇಳಿಸಲು ತಕರಾರು ಮಾಡುತ್ತದೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಇಮೇಜ್ ತೆಗೆಯುವ ಡಿಟಿಪಿ ಯಂತ್ರದಂಥದ್ದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಲೈಸೆನ್ಸ್ ಮುಗಿಯುವುದಿಲ್ಲ, ಕಂಪನಿ ಮನಸ್ಸು ಬದಲಿಸುವುದೂ ಇಲ್ಲ.

ಏಒಎಂಇಐ ಬ್ಯಾಕಪರ್, ಈಸಸ್ ಟುಡು ಬ್ಯಾಕಪ್, ಹ್ಯಾಸ್ಲಿಯೋ ಮುಂತಾದವುಗಳಿಗೂ ಉಚಿತ ಆವೃತ್ತಿಗಳಿವೆ, ಬಳಸಲು ಸರಳ. ಇವನ್ನು ಹಾಕಿಕೊಳ್ಳುವ ಮುಂಚೆ ಉಚಿತ ಆವೃತ್ತಿಯಲ್ಲಿ ಯಾವುದಕ್ಕೆ ಬೀಗ ಹಾಕಿದ್ದಾರೆ ಎಂದು ಪಟ್ಟಿ ನೋಡಿ. ಬೇರೆ ಮದರ್‌ಬೋರ್ಡಿನ ಯಂತ್ರಕ್ಕೆ ಇಮೇಜ್ ಇಳಿಸುವ ಸೌಲಭ್ಯ ಹಲವು ಕಡೆ ದುಡ್ಡು ಕೊಟ್ಟವರಿಗೆ ಮಾತ್ರ. ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋದ ದಿನ ನಿಮಗೆ ಬೇಕಾಗುವುದು ಸರಿಯಾಗಿ ಅದೇ.

ಟೆಲಿಗ್ರಾಂ ಗುಂಪಿನಲ್ಲಿ ಸಿಗುವ ‘ಕ್ರ್ಯಾಕ್’ ಆವೃತ್ತಿಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯ ಇಲ್ಲ. ಕದ್ದ ತಂತ್ರಾಂಶದ ಜೊತೆಗೇ ರಾನ್ಸಮ್‌ವೇರ್ ಒಳಗೆ ಬರುವುದು ಹೊಸ ಸಂಗತಿಯಲ್ಲ. ಬೀಗ ರಿಪೇರಿಗೆ ಕಳ್ಳನನ್ನು ಕರೆದ ಹಾಗೆ ಅದು.

ಬ್ರ್ಯಾಂಡ್ ಯಾವುದಾದರೂ ಇರಲಿ, ಇಷ್ಟನ್ನು ನೋಡಿಕೊಳ್ಳಿ. ತೆಗೆದ ಇಮೇಜನ್ನು ಪರೀಕ್ಷಿಸಿ ಸರಿಯಿದೆ ಎಂದು ಹೇಳುವ ‘ವೆರಿಫೈ’ ಸೌಲಭ್ಯ ಬೇಕು. ಕರೆಂಟ್ ಏರಿಳಿತದ ಊರಿನಲ್ಲಿ ಇದನ್ನು ಬಿಡುವಂತಿಲ್ಲ. ಇಮೇಜನ್ನು ಡ್ರೈವಿನಂತೆ ತೆರೆದು ಒಳಗೆ ಇಣುಕಲು ಬರಬೇಕು. ಸಣ್ಣ ಡಿಸ್ಕಿಗೂ ಇಳಿಸಲು ಆಗಬೇಕು, ಏಕೆಂದರೆ 1 ಟಿಬಿಯ ಹಾರ್ಡ್‌ಡಿಸ್ಕ್ ಹೋದ ಮೇಲೆ ಜನ ಹಾಕಿಸುವುದು 512 ಜಿಬಿಯ ಎಸ್‌ಎಸ್‌ಡಿಯನ್ನು. ಬದಲಾದಷ್ಟನ್ನು ಮಾತ್ರ ಸೇರಿಸುತ್ತಾ ಹೋಗುವ ಇನ್‌ಕ್ರಿಮೆಂಟಲ್ ವಿಧಾನದಲ್ಲಿ ಜಾಗ ಉಳಿಯುತ್ತದೆ ನಿಜ. ಆದರೆ ಸರಪಳಿಯ ನಡುವಿನ ಒಂದು ಫೈಲ್ ಕೆಟ್ಟರೆ ಅದರ ನಂತರದವೆಲ್ಲ ಹೋದ ಹಾಗೆ. ಆಗಾಗ ಒಂದು ಪೂರ್ಣ ಇಮೇಜ್ ತೆಗೆದು ಹೊಸ ಸರಪಳಿ ಶುರು ಮಾಡುವುದು ಕ್ಷೇಮ.

ಪೆನ್‌ಡ್ರೈವಿನ ಪರೀಕ್ಷೆ

ಎಲ್ಲ ತಂತ್ರಾಂಶಗಳೂ ‘ರಿಕವರಿ ಮೀಡಿಯಾ’ ಅಥವಾ ‘ರೆಸ್ಕ್ಯೂ ಮೀಡಿಯಾ’ ಎಂಬ ಪೆನ್‌ಡ್ರೈವ್ ಮಾಡಿಕೊಳ್ಳಲು ಹೇಳುತ್ತವೆ. ಹೆಚ್ಚಿನವರು ‘ಆಮೇಲೆ’ ಎಂದು ಬಿಡುತ್ತಾರೆ. ಅದಿಲ್ಲದೆ ಇಮೇಜ್ ಇದ್ದೂ ಇಲ್ಲ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಪೆನ್‌ಡ್ರೈವ್ ಮಾಡಿ, ಅದರಿಂದ ಶುರು ಮಾಡಿ ನೋಡಬೇಕು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಶುರುವಾಗಬೇಕು ಎಂಬ ಪಟ್ಟಿ ಬರುತ್ತದೆ. ಪೆನ್‌ಡ್ರೈವ್ ಆರಿಸಿ. ತಂತ್ರಾಂಶದ ಪರದೆ ಬಂದ ಮೇಲೆ ಎರಡು ವಿಷಯ ನೋಡಬೇಕು: ಹೊರಗಿನ ಡಿಸ್ಕಿನಲ್ಲಿರುವ ಇಮೇಜ್ ಕಾಣುತ್ತಿದೆಯೇ, ಒಳಗಿನ ಡಿಸ್ಕ್ ಕಾಣುತ್ತಿದೆಯೇ.

ಎರಡನೆಯದರಲ್ಲೇ ಬಹಳ ಜನ ಸಿಕ್ಕಿಬೀಳುವುದು. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುತ್ತದೆ. ಅದರ ಡ್ರೈವರ್ ಪೆನ್‌ಡ್ರೈವಿನಲ್ಲಿ ಇಲ್ಲದಿದ್ದರೆ ಒಳಗಿನ ಎಸ್‌ಎಸ್‌ಡಿ ಇಲ್ಲವೇ ಇಲ್ಲ ಎನ್ನುವ ಹಾಗೆ ಪರದೆ ಖಾಲಿ. ಪೆನ್‌ಡ್ರೈವ್ ಮಾಡುವಾಗಲೇ ‘ಈ ಕಂಪ್ಯೂಟರಿನ ಡ್ರೈವರುಗಳನ್ನು ಸೇರಿಸು’ ಎಂಬ ಆಯ್ಕೆ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಹೀಗೆ ಪೆನ್‌ಡ್ರೈವಿನಿಂದ ಶುರು ಮಾಡಿ ನೋಡಿ, ಏನನ್ನೂ ಬರೆಯದೆ ವಾಪಸ್ ಬರಲು ಹತ್ತು ನಿಮಿಷ ಸಾಕು. ಯಾವ ತಂತ್ರಾಂಶ ಈ ಹತ್ತು ನಿಮಿಷದಲ್ಲಿ ಪಾಸಾಗುವುದಿಲ್ಲವೋ ಅದನ್ನು ತೆಗೆದುಹಾಕಿ, ಎಷ್ಟು ಹೆಸರುವಾಸಿಯಾದರೂ ಸರಿ. ಪಾಸಾದರೆ ಆ ಪೆನ್‌ಡ್ರೈವಿಗೆ ಚೀಟಿ ಅಂಟಿಸಿ ಡಿಸ್ಕಿನ ಡಬ್ಬಿಯಲ್ಲೇ ಇಡಿ. ಸಿನಿಮಾ ತುಂಬಿಸಿಕೊಳ್ಳಲು ಯಾರೂ ಒಯ್ಯದಿರಲಿ.

ಬಿಟ್‌ಲಾಕರ್‌ನ ಕೀಲಿ ಇನ್ನೊಂದು ಎಡವು ಕಲ್ಲು. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದ ಕೂಡಲೇ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದು ಸಾಮಾನ್ಯ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ವಿಂಡೋಸ್‌ನೊಳಗೆ ಓಡುವ ವೀಮ್‌ನಂಥವು ತೆರೆದ ಬೀಗದ ಈಚೆಯಿಂದ ಓದುವುದರಿಂದ ತೊಂದರೆ ಇಲ್ಲ. ಕ್ಲೋನ್‌ಜಿಲ್ಲಾದಂತೆ ಹೊರಗಿನಿಂದ ಬಂದವಕ್ಕೆ ಒಳಗೆ ಏನಿದೆ, ಯಾವುದು ಖಾಲಿ ಎಂದು ತಿಳಿಯುವುದಿಲ್ಲ. ಇಡೀ ಡಿಸ್ಕನ್ನೇ ನಕಲಿಸಬೇಕಾಗಿ ಇಮೇಜ್ ಊದಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ 48 ಅಂಕಿಗಳ ರಿಕವರಿ ಕೀಲಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಾಗದದಲ್ಲಿ ಬರೆದು ತೋಟದ ದಾಖಲೆಗಳ ಕಡತದಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಡಿಸ್ಕ್ ಎಂಥದ್ದು, ಯಾವಾಗ

ಬ್ಯಾಕಪ್‌ಗೆ ಪೋರ್ಟಬಲ್ ಹಾರ್ಡ್‌ಡಿಸ್ಕ್ ಸಾಕು, ಎಸ್‌ಎಸ್‌ಡಿಯೇ ಬೇಕೆಂದಿಲ್ಲ. ತಿಂಗಳುಗಟ್ಟಲೆ ಡಬ್ಬಿಯೊಳಗೆ ಸುಮ್ಮನಿರುವ ಕೆಲಸಕ್ಕೆ ಹಾರ್ಡ್‌ಡಿಸ್ಕೇ ಅಗ್ಗ, ಸಾಲದ್ದಕ್ಕೆ ವಾಸಿ. 1 ಟಿಬಿಯದರಲ್ಲಿ 120 ಜಿಬಿಯ ಇಮೇಜುಗಳು ಐದಾರು ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಎಫ್‌ಎಟಿ32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಹಿಡಿಸುವುದಿಲ್ಲ.

ಯಾವಾಗ ತೆಗೆಯಬೇಕು ಎಂಬುದಕ್ಕೆ ಕಾಫಿಯವರಿಗೆ ಬೇರೆ ಪಂಚಾಂಗ ಬೇಡ. ಕುಯ್ಲು ಮುಗಿದು ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಚ್ಚಿದ ಮೇಲೆ ಒಂದು. ಮಾರ್ಚ್ 31 ವಿಶ್ವ ಬ್ಯಾಕಪ್ ದಿನವೂ ಹೌದು, 2011ರಿಂದ ಹಾಗೆ ಆಚರಿಸುತ್ತಿದ್ದಾರೆ. ನಮ್ಮ ಹಣಕಾಸು ವರ್ಷದ ಕೊನೆಗೆ ಅದು ಕೂಡಿಬಂದದ್ದು ಕಾಕತಾಳೀಯ. ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ ಇನ್ನೊಂದು. ಮನೆಯಿಂದ ದೂರ ಇಡುವ ಪ್ರತಿ ಇದೇ ಆಗಲಿ. ಮಳೆ ಬಿಟ್ಟು ಅರೇಬಿಕಾ ಕುಯ್ಲಿಗೆ ಜನ ಹಚ್ಚುವ ಮುಂಚೆ ಮೂರನೆಯದು. ಇವುಗಳ ನಡುವೆ ವಿಂಡೋಸ್ ಬದಲಿಸುವುದಾದರೆ ಅದರ ಹಿಂದಿನ ದಿನ ಕಡ್ಡಾಯವಾಗಿ ಒಂದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಸಾಮಾನ್ಯ ಬೆಂಬಲ ನಿಂತಿದೆ. 11ಕ್ಕೆ ಏರಿಸುವ ಗಡಿಬಿಡಿಯಲ್ಲಿ ಹಳೆಯ ಪ್ರಿಂಟರ್, ಹಳೆಯ ಫಾಂಟ್ ತಂತ್ರಾಂಶ ಕೈಕೊಟ್ಟರೆ ಹಿಂದಕ್ಕೆ ಬರಲು ದಾರಿ ಇರಬೇಕು. ಹೊಸ ಇಮೇಜ್ ಬಂತೆಂದು ಹಳೆಯದನ್ನು ಕೂಡಲೇ ಅಳಿಸಬೇಡಿ. ವೈರಸ್ಸೋ ಕೆಟ್ಟ ಟ್ಯಾಲಿ ಫೈಲೋ ಕೆಲವು ಸಲ ತಿಂಗಳ ಮೇಲೆ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ಅದು ಹೊಸ ಇಮೇಜಿನೊಳಗೂ ಸೇರಿರುತ್ತದೆ.

ಇದನ್ನು ಓದುವ ಹೊತ್ತಿಗೇ ಮನೆಯ ಕಂಪ್ಯೂಟರಿನ ಡಿಸ್ಕ್ ಸದ್ದು ಮಾಡುತ್ತಿದ್ದರೆ ಕ್ರಮ ಬೇರೆ. ಹೊಸ ತಂತ್ರಾಂಶ ಹಾಕಲು ಹೋಗಬೇಡಿ, ‘ಡಿಸ್ಕ್ ಚೆಕ್’ ಓಡಿಸಬೇಡಿ. ಎರಡೂ ನರಳುತ್ತಿರುವ ಡಿಸ್ಕನ್ನು ಇನ್ನಷ್ಟು ದುಡಿಸುತ್ತವೆ. ಮೊದಲು ಬೇಕೇಬೇಕಾದ ಫೋಲ್ಡರುಗಳನ್ನು ಹೊರಗೆ ತೆಗೆದುಕೊಳ್ಳಿ: ಲೆಕ್ಕ, ದಾಖಲೆ, ಫೋಟೊ, ಈ ಅನುಕ್ರಮದಲ್ಲಿ. ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಬೇರೊಂದು ಯಂತ್ರದಲ್ಲಿ ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್ ಮಾಡಿಕೊಂಡು ಬನ್ನಿ. ಅದರ ಎಕ್ಸ್‌ಪರ್ಟ್ ಆಯ್ಕೆಗಳಲ್ಲಿ ‘ರೆಸ್ಕ್ಯೂ’ ಎಂಬುದೊಂದಿದೆ. ಓದಲಾಗದ ಜಾಗ ಸಿಕ್ಕಾಗ ನಿಲ್ಲದೆ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಬಂದ ಇಮೇಜ್ ಪೂರ್ತಿ ಇರಲಿಕ್ಕಿಲ್ಲ, ವಿಂಡೋಸ್ ಏಳದೆಯೂ ಹೋಗಬಹುದು, ಉಳಿದ ಫೈಲುಗಳಾದರೂ ಕೈಗೆ ಸಿಗುತ್ತವೆ. ಡಿಸ್ಕ್ ಬಯಾಸ್‌ನಲ್ಲಿ ಕಾಣಿಸುತ್ತಲೇ ಇಲ್ಲ ಎಂದಾದರೆ ಮಾತ್ರ ಮನೆಯಲ್ಲಿ ಏನೂ ಮಾಡುವಂತಿಲ್ಲ. ಅಂಗಡಿಯ ಹುಡುಗನಿಗೆ ಮೊದಲ ಮಾತಲ್ಲೇ “ಫಾರ್ಮ್ಯಾಟ್ ಬೇಡಪ್ಪಾ, ಡಿಸ್ಕ್ ಬಿಚ್ಚಿ ಕೊಟ್ಬಿಡು” ಎಂದು ಹೇಳಿ, ಡೇಟಾ ರಿಕವರಿ ಮಾಡುವವರ ಬಳಿಗೆ ಕಳಿಸಿ.